ಹೊರಗೋಡೆಯ ಸುಣ್ಣ

೨೦೨೫ರ ಜುಲೈ ಹದಿನೈದು, ಮಂಗಳವಾರ, ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಚಂದ್ರಮೌಳಿ ಕೆಂಪು ಪೆನ್ನನ್ನು ಮೇಜಿನ ಮೇಲೆ ಎಸೆದ. ಒಬ್ಬಳನ್ನು ಬಿಟ್ಟು ಹತ್ತನೇ ತರಗತಿಯ ಮಕ್ಕಳೆಲ್ಲ ಪ್ರಬಂಧವನ್ನು ಒಂದೇ ಗೈಡಿನಿಂದ ಇಳಿಸಿದ್ದರು. ‘ಮೊಬೈಲ್ ವರವೋ ಶಾಪವೋ’ ಎಂದು ಪೀಠಿಕೆ ಹಾಕಿ, ಎರಡು ಪುಟ ಸುತ್ತಾಡಿ, ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ‘ವರವೂ ಹೌದು, ಶಾಪವೂ ಹೌದು, ಎಲ್ಲವೂ ಬಳಸುವವರ ಕೈಯಲ್ಲಿದೆ.’ ಹಳಸಿದ ಅನ್ನದ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿದಂತಾಗಿತ್ತು ಅವನಿಗೆ.

ಹೊಳೆನರಸೀಪುರದ ರಸ್ತೆಯಲ್ಲಿದ್ದ ಆ ಪ್ರೌಢಶಾಲೆಯಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಕನ್ನಡದ ರೂಪಶ್ರೀ ಮೇಡಂ ಹೆರಿಗೆ ರಜೆಗೆ ಹೋದ ಮೇಲೆ ಬರವಣಿಗೆಯ ಪಾಠ ಅವನ ಕುತ್ತಿಗೆಗೆ ಬಿದ್ದಿತ್ತು. ಹಾಸನದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ. ಶಾಲೆಗೊಂದು ವಾದ ಪ್ರಬಂಧ, ಹೆಡ್‌ಮಾಸ್ಟರ ಸಹಿಯೊಂದಿಗೆ ಅಂದೇ ಸಂಜೆ ಹೋಗಬೇಕು. ವಿಷಯ ಮಕ್ಕಳ ಇಷ್ಟ. ಅವನು ಬೋರ್ಡಿನ ಮೇಲೆ ಪ್ರಯೋಗದ ವಿಧಾನ ಬರೆಯುವಂತೆ ಬರೆದಿದ್ದ: ‘ನಿಮ್ಮ ಮಾತು ಹೇಳಿ. ಯಾಕೆಂದು ಹೇಳಿ. ಆಧಾರ ಕೊಡಿ. ಎದುರಿನವರು ಏನನ್ನಬಹುದೆಂದು ನೀವೇ ಬರೆದು ಉತ್ತರಿಸಿ.’

ಅದನ್ನು ಕಿವಿಗೆ ಹಾಕಿಕೊಂಡವಳು ದೀಪಶ್ರೀ ಒಬ್ಬಳೇ. ‘ನಮ್ಮ ಶಾಲೆಯ ಟ್ಯಾಂಕಿನ ನೀರನ್ನು ಮಕ್ಕಳಿಗೆ ಕುಡಿಯಲು ಕೊಡಬಾರದು. ಅದು ನಾರುತ್ತದೆ’ ಎಂದು ಶುರುಮಾಡಿದ್ದಳು. ನಡುವೆ ಹೀಗಿತ್ತು: ‘ಬೇಸಿಗೆ ರಜದಲ್ಲಿ ಟ್ಯಾಂಕನ್ನು ಚೊಕ್ಕಟ ಮಾಡಿಸಿದ್ದೇವೆ ಎಂದು ಹೆಡ್‌ಮಾಸ್ಟರು ಹೇಳಬಹುದು. ಆದರೆ ಸುಣ್ಣ ಹೊಡೆಸಿದ್ದು ಹೊರಗೋಡೆಗೆ.’

ಚಂದ್ರಮೌಳಿ ಅದನ್ನೇ ಆರಿಸಿ ಸಹಿಗೆ ಒಯ್ದ. ಹೆಡ್‌ಮಾಸ್ಟರು ಮೋಹನ್‌ಕುಮಾರ್ ಓದುತ್ತ ಓದುತ್ತ ಕನ್ನಡಕ ತೆಗೆದರು.

“ಯಾವಾಗ್ರೀ ನಾನ್ ಇಂಗಂದಿದ್ದು? ಆಡ್ದೇ ಇರೋ ಮಾತ್ನ ನನ್ ಬಾಯಿಗ್ ತುರುಕವ್ಳಲ್ಲ!”

“ಹೇಳಬಹುದು ಅಂತ ಬರೆದಿದ್ದಾಳೆ ಸಾರ್. ಎದುರು ಪಕ್ಷದ ಮಾತು. ವಾದದಲ್ಲಿ ಅದು ಬರಲೇಬೇಕು.”

“ನಾನು ಎದುರು ಪಕ್ಷನಾ? ಇದೇನ್ ಪಂಚಾಯ್ತಿ ಎಲೆಕ್ಷನ್ನೇನ್ರೀ?” ಅವರು ಮೇಷ್ಟ್ರುಗಳಿಗೆಂದೇ ದುಡ್ಡು ಕೊಟ್ಟು ತರಿಸುವ ಮೂಲೆಯ ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದರು. “ಇದು ವಾದ ಅಲ್ಲ, ದೂರು. ವಾದ ಅಂದ್ರೆ ದೊಡ್ ವಿಷ್ಯ ಇರ್ಬೇಕು. ಮೊಬೈಲು, ಪರಿಸರ, ಇಂಥವು. ಯಾರ್ ಮನ್ಸಿಗೂ ನೋವಾಗ್ಬಾರ್ದು. ಕರೀರಿ ಆ ಹುಡ್ಗೀನ.”

ದೀಪಶ್ರೀ ಬಂದು ಬಾಗಿಲಲ್ಲಿ ನಿಂತಳು.

“ಏನವ್ವಾ, ನನ್ ಮೇಲೇ ವಾದ ಮಾಡೀಯಾ?”

“ಮಾಡಿಲ್ಲ ಸಾ, ಬರ್ದಿವ್ನಿ. ಅಂಗೆ ಬರೀರಿ ಅಂತ ಮೇಷ್ಟ್ರೇ ಅಂದ್ರು.”

“ಆಧಾರ ಏನೈತೆ?”

“ವಾಸ್ನೆ ಸಾ. ಮೂಗು ಇಡ್ಕಂಡು ಕುಡೀತೀವಿ.”

ಮೋಹನ್‌ಕುಮಾರ್ ಹಾಳೆಯ ಅಂಚಿನ ಮೇಲೆ ಬೆರಳಿಟ್ಟರು. ಅಲ್ಲಿ ಚಂದ್ರಮೌಳಿಯದೇ ಕೆಂಪು ಅಕ್ಷರ: ‘ವಾಸನೆಗೆ ಅಳತೆ ಇಲ್ಲ. ಆಧಾರ ಸಾಲದು.’

“ನೋಡವ್ವಾ, ಸೈನ್ಸ್ ಓದಿರೋ ನಿಮ್ ಮೇಷ್ಟ್ರೇ ಬರ್ದವ್ರೆ. ಓಗು, ಮೊಬೈಲ್ ಮ್ಯಾಲೆ ಒಂದು ಬರ್ಕಂಡ್ ಬಾ. ಇಲ್ಲಾಂದ್ರೆ ನಿನ್ ಹೆಸ್ರು ಆಸನಕ್ಕೆ ಓಗಲ್ಲ.”

ಹುಡುಗಿ ಕದಲಲಿಲ್ಲ. “ಅಳ್ತೆ ತಂದ್ರೆ ಸೈನ್ ಆಕ್ತೀರಾ ಸಾ?”

“ತಾ ನೋಡಾನ!” ಅವರು ನಕ್ಕರು. “ಒಂದಲ್ಲ, ಎರಡ್ ಸೈನ್ ಆಕ್ತೀನಿ.”

ಚಂದ್ರಮೌಳಿಗೆ ಆ ನಗೆಗಿಂತ ಹೆಚ್ಚಾಗಿ ನಾಟಿದ್ದು ಆ ಕೆಂಪು ಅಕ್ಷರ. ಎಂಟು ವರ್ಷದಿಂದ ಅವನೂ ಇದೇ ಕ್ಯಾನಿನ ನೀರು ಕುಡಿದವನು. ಆ ಟಿಪ್ಪಣಿ ಬರೆದದ್ದು ನೆರಳಲ್ಲಿ ಕೂತು, ಟ್ಯಾಂಕಿನ ಕಡೆ ಕತ್ತು ಕೂಡ ಹೊರಳಿಸದೆ. ಹೊರಗೆ ಬಂದ. ಪ್ರಯೋಗಾಲಯದಿಂದ ಮರದ ಮೀಟರು ಪಟ್ಟಿ ತೆಗೆದುಕೊಂಡು ಹಿತ್ತಲಿಗೆ ನಡೆದು, ಟ್ಯಾಂಕಿಗೆ ಏಣಿ ಆನಿಸಿದ.

“ಏಣಿ ನಾನ್ ಇಡ್ಕತೀನಿ ಸಾ,” ಎಂದು ದೀಪಶ್ರೀ ಮೇಜಿನ ಮೇಲಿನ ಹಾಳೆ ಎತ್ತಿಕೊಂಡು ಹಿಂದೆಯೇ ಬಂದಳು. “ಬಿದ್ಗಿದ್ದೀರ, ಉಸಾರು.”

ಮುಚ್ಚಳದ ತಗಡು ತುಕ್ಕು ಹಿಡಿದು ಒಂದು ಮೂಲೆ ತಿಂದುಹೋಗಿ, ಉಳಿದದ್ದು ಕಚ್ಚಿಕೊಂಡಿತ್ತು. ಎರಡೂ ಕೈಯಲ್ಲಿ ಎಳೆದಾಗ ಕಿತ್ತು ಬಂತು. ಒಳಗಿನ ಗಾಳಿ ಮುಖಕ್ಕೆ ಹೊಡೆದದ್ದೇ ಅವನು ಮುಖ ತಿರುಗಿಸಿ ಓಕರಿಸಿದ. ಬೆಳಗಿನಿಂದ ಕರೆಂಟಿಲ್ಲದೆ ನೀರು ಇಳಿದಿತ್ತು. ಮೇಲೆ ಎಣ್ಣೆಯಂಥ ಪೊರೆ, ಅದರಲ್ಲಿ ಅಂಟಿಕೊಂಡ ಪಾರಿವಾಳದ ಪುಕ್ಕ, ಬಾಲ ಕುಣಿಸುವ ಸೊಳ್ಳೆಮರಿ. ಮೂಲೆಯಲ್ಲಿ ಊದಿಕೊಂಡ ಯಾವುದೋ ಪ್ರಾಣಿ, ರೋಮವೆಲ್ಲ ಉದುರಿ ಬಿಳಿಚಿಕೊಂಡಿತ್ತು.

ಕೆಳಗೆ ಊಟದ ಗಂಟೆ ಹೊಡೆಯಿತು. ತಟ್ಟೆ ಹಿಡಿದ ಮಕ್ಕಳು ನಲ್ಲಿಯ ಕಡೆ ಓಡಿದರು.

“ನಲ್ಲಿ ಮುಟ್ಟಬೇಡ್ರೋ!” ಎಂದು ಚಂದ್ರಮೌಳಿ ಮೇಲಿನಿಂದ ಕೂಗಿದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. ಮಕ್ಕಳು ನಿಂತರು. ಜಗುಲಿಗೆ ಬಂದ ಮೋಹನ್‌ಕುಮಾರ್ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. “ಏನ್ರೀ ಐತೆ ಅಲ್ಲಿ?”

“ಬನ್ನಿ ಸಾರ್, ನೋಡಿ.”

ಅವರು ಬರಲಿಲ್ಲ.

ಚಂದ್ರಮೌಳಿ ಪಟ್ಟಿಯನ್ನು ನೇರವಾಗಿ ಇಳಿಬಿಟ್ಟ. ನೀರು ದಾಟಿ, ಮೆತ್ತಗಿನದೇನನ್ನೋ ಹೊಕ್ಕು, ತಳದ ಸಿಮೆಂಟಿಗೆ ತಾಗಿತು. ಮೇಲೆತ್ತಿದಾಗ ಕೆಳಭಾಗಕ್ಕೆ ಕಪ್ಪು ರಾಡಿ ಮೆತ್ತಿಕೊಂಡಿತ್ತು. ಒಂದು ಸಲ ಅಳೆದದ್ದನ್ನು ನಂಬುವ ಅಭ್ಯಾಸ ಅವನಿಗಿರಲಿಲ್ಲ. ಒರೆಸಿ, ಇನ್ನೊಂದು ಮೂಲೆಯಲ್ಲಿ ಮತ್ತೆ ಇಳಿಸಿದ. ಗೆರೆ ಅಲ್ಲಿಗೇ ಬಂತು.

“ಎಷ್ಟೈತೆ ಸಾ?” ದೀಪಶ್ರೀ ಏಣಿಗೆ ಭುಜ ಕೊಟ್ಟು ನಿಂತು, ಪ್ರಬಂಧದ ಹಾಳೆಯನ್ನು ಗೋಡೆಗೆ ಒತ್ತಿ ಪೆನ್ನು ಹಿಡಿದಿದ್ದಳು.

“ಬರ್ಕೋ,” ಎಂದ ಚಂದ್ರಮೌಳಿ, ಜಗುಲಿಗೂ ಕೇಳುವಂತೆ. “ತಳದ ರಾಡಿ, ಹನ್ನೊಂದೂವರೆ ಸೆಂಟಿಮೀಟರ್.”