ಕೋಮಲಳ ಪಾಟೀಸವಾಲು

ಊರಿನ ಜಗಳವನ್ನೇ ಒಂಬತ್ತನೇ ತರಗತಿಯ ಅಣಕು ನ್ಯಾಯಾಲಯಕ್ಕೆ ತಂದದ್ದು ನನ್ನದೇ ಅಧಿಕಪ್ರಸಂಗ. ಮಕ್ಕಳು ವಾದ ಮಾಡುವುದನ್ನು ಕಲಿಯಲಿ ಎಂದು ಚೀಟಿ ಎತ್ತಿಸಿದೆ. ಕುರಿ ಕಾಯುವ ಮಲಕಾರಿಯ ಮಗಳು ಕೋಮಲಳಿಗೆ ಹೊಲದವರ ವಕೀಲಿಕೆ ಬಂತು. ಹೊಲದ ಮಾಲೀಕ ವಿರುಪಾಕ್ಷಪ್ಪನವರ ಮಗ ಸಿದ್ದಲಿಂಗನಿಗೆ ಆರೋಪಿ ಕುರಿಗಾರನ ಪಾತ್ರ.

ನಿಜವಾದ ಜಗಳ ಎಲ್ಲರಿಗೂ ಗೊತ್ತಿತ್ತು. ಮಲಕಾರಿಯ ಕುರಿಗಳು ವಿರುಪಾಕ್ಷಪ್ಪನವರ ಹೊಲದಲ್ಲಿ ಕಟಾವಾದ ಮೇಲೆ ಮತ್ತೆ ಒಡೆದಿದ್ದ ಕೂಳೆ ಕಬ್ಬಿನ ಚಿಗುರನ್ನೆಲ್ಲ ಮೇದುಹಾಕಿದ್ದವು. ಅಂದು ಸಂಜೆ ಪಂಚರು ಕೂಡುವವರಿದ್ದರು. ತಪ್ಪು ಮಲಕಾರಿಯದೇ ಎಂದಾದರೆ ಅವನ ಹಿಂಡಿಗೆ ಊರ ಸೀಮೆ ಬಂದ್. ಸಂಸಾರ ಹಿಂಡಿನ ಜೊತೆ ದೂರದ ಊರಿಗೆ ಹೊರಡಬೇಕು, ಕೋಮಲ ಶಾಲೆ ಬಿಡಬೇಕು. ಇಷ್ಟು ಗೊತ್ತಿದ್ದೂ ಚೀಟಿ ಬದಲಿಸದ ನನ್ನ ಹಟಕ್ಕೆ ಏನೆನ್ನಲಿ! ಸಾಲದ್ದಕ್ಕೆ ವಿರುಪಾಕ್ಷಪ್ಪನವರೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಕೋಮಲ ಎದ್ದಳು. "ಕುರಿ ತಾವ ಹೊಲಕ್ಕ ಹೊಕ್ಕವೋ, ನೀ ಹೊಗಿಸಿದ್ಯೋ?"

"ನಾನ ಹೊಗಿಸೇನಿ," ಎಂದ ಸಿದ್ದಲಿಂಗ.

ಅಯ್ಯೋ ಹುಡುಗಿ, ಅಪ್ಪನ ಕುತ್ತಿಗೆಗೇ ಕೈ ಹಾಕಿದೆಯಲ್ಲ ಎಂದು ನನಗೆ ಸಂಕಟವಾಯಿತು.

"ಗೊಬ್ಬರಕ್ಕಂತ ಹೊಲದಾಗ ಹಿಂಡ ಕೂಡಸೋದಾದ್ರ ಹೊಲದ ಮನಿಯವರು ಮೊದಲ ಜ್ವಾಳಾ ಕೊಡ್ತಾರ. ಅದಿಲ್ದ ಕುರಿ ಇಳಿಸಂಗಿಲ್ಲ. ಹೌದಿಲ್ಲೋ?"

"ಹೌದು."

"ನಿನಗ ಜ್ವಾಳಾ ಯಾರ ಕೊಟ್ರು?"

ಸಿದ್ದಲಿಂಗ ಹಿಂದಿನ ಬೆಂಚಿನತ್ತ ನೋಡಿದ.

"ಯಾರೂ ಕೊಟ್ಟಿಲ್ಲ ಅಂತ ಬರ್ಕೊಳ್ಳಲೇನ?" ಕೋಮಲ ಬಿಡಲಿಲ್ಲ.

"ಆಯಿ ಕೊಟ್ಲು!" ಹುಡುಗ ಪಾತ್ರವನ್ನೇ ಮರೆತ. "ನಮ್ಮ ಆಯಿ, ಅಪ್ಪನ ಅವ್ವ. ಕೂಳೆ ಇನ್ನೂ ಚಿಗತಿಲ್ಲ ಅಂತ ತಿಳದ ಕುರಿ ಕರಿಸಿದ್ಲು. ಚೀಲಾ ನಾನ ಹೊತ್ತ ಒಯ್ದೇನಿ. ಅಪ್ಪ ಸಿಟ್ಟಾಗ್ತಾನಂತ ಇಬ್ರೂ ಬಾಯಿ ಮುಚ್ಚಿಗೊಂಡ ಕುಂತೇವಿ."

ವಿರುಪಾಕ್ಷಪ್ಪನವರು ಎದ್ದು ಬಂದರು. ಹೊಡೆದರೆ ಮೊದಲು ನನಗೇ ಬೀಳಲಿ ಎಂಬ ರೋಷದಲ್ಲಿ ಹುಡುಗನಿಗೆ ಅಡ್ಡ ನಿಂತೆ. ಅವರು ನಮ್ಮಿಬ್ಬರನ್ನೂ ದಾಟಿ ಕೋಮಲಳ ಮುಂದೆ ನಿಂತರು.

"ಎಂಟ ದಿನಾ ನಿಮ್ಮಪ್ಪಗ ಕಳ್ಳ ಅಂದೇನಿ. ಅಂವ ಯಾಕ ಒಂದ ಮಾತ ಆಡಲಿಲ್ಲವ್ವಾ?"

"ಆಯಿ ಕೊಟ್ಟ ಜ್ವಾಳದ ರೊಟ್ಟಿ ಉಂಡೇವ್ರಿ ಕಾಕಾ. ವಯಸ್ಸಾದಾಕಿನ್ನ ಮಗನ ಮುಂದ ಸಿಗಿಸಬಾರದು, ಯಾರೂ ಆಕಿ ಹೆಸರ ಹೇಳಬ್ಯಾಡ್ರಿ ಅಂತ ಅಪ್ಪ ಆಣಿ ಹಾಕ್ಯಾನ್ರಿ."

ಅವರು ತಿರುಗಿ ಮಗನ ಕೈ ಹಿಡಿದರು. "ನಡೀಲೆ ಸಿದ್ದ್ಯಾ. ಪಂಚರಕಿಂತ ಮೊದಲ ಮಲಕಾರಿ ಮುಂದ ನಿಲ್ಲೂಣು."

ಅವರು ಹೋದ ಮೇಲೆ ನಾನು ಕೋಮಲಳ ಮೇಲೆ ರೇಗಿದೆ. "ಅಪ್ಪ ಆಣಿ ಹಾಕಿದ್ರೂ ಹಿಂಗ ಮಾಡಿದೆಲ್ಲ!"

ಅವಳು ತನ್ನ ಚೀಟಿಯನ್ನು ಮಡಚಿ ನನ್ನ ಮೇಜಿನ ಮೇಲಿಟ್ಟಳು.

"ಹೆಸರ ನಾ ಎಲ್ಲಿ ಹೇಳೇನ್ರೀ ಸರ? ಬರೇ ಕೇಳೇನಿ."