ರೊಟ್ಟಿ ಸದ್ದಿಗೆ ಉರಿಯುವ ದೀಪ

ನಾನು ಒಂದು ಸ್ವಿಚ್. ಆದರೆ ನನ್ನನ್ನು ಯಾರೂ ಒತ್ತುವುದಿಲ್ಲ. ಚಪ್ಪಾಳೆ ತಟ್ಟಿದರೆ ಸಾಕು. ಹುಟ್ಟಿದ್ದು ಗದಗಿನ ಒಂದು ಮನೆಯ ಪಡಸಾಲೆಯಲ್ಲಿ, ಖಾಲಿ ಸಾಬೂನಿನ ಡಬ್ಬಿಯೊಳಗೆ. ಹಾಗಾಗಿ ನಾನು ಸುವಾಸನೆಯ ವಂಶದವನು. ಕಡಲೆಕಾಳಿನಷ್ಟು ಮೈಕು ನನ್ನ ಕಿವಿ, ದೀಪಕ್ಕೆ ಕರೆಂಟ್ ಬಿಡುವ ರಿಲೇ ನನ್ನ ನಾಲಿಗೆ. ಲೋಕದ ಸದ್ದೆಲ್ಲ ಕೇಳಿಸಿದರೂ ನನಗೆ ಆಡಲು ಬರುವುದು ಒಂದೇ ಮಾತು: ಟಕ್.

ನನ್ನನ್ನು ಹೆತ್ತವಳು ಸುನಂದಾ, ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದವಳು. ಹೆತ್ತದ್ದು ಅವಳ ಅವ್ವನಿಗಾಗಿ. ಅವ್ವ ನೀಲವ್ವ ಮದುವೆಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಅಡುಗೆಮನೆಗೆ ಕಿಟಕಿಯಿಲ್ಲ. ಒಮ್ಮೆ ಒದ್ದೆ ಕೈಯಲ್ಲಿ ದೀಪದ ಗುಂಡಿ ಒತ್ತಿ ಕರೆಂಟ್ ಹೊಡೆಸಿಕೊಂಡಳು. ಗುಂಡಿ ರಿಪೇರಿಯಾಯಿತು, ಅಂಜಿಕೆ ರಿಪೇರಿಯಾಗಲಿಲ್ಲ. ಹಗಲು ಮನೆಯಲ್ಲಿ ಒಬ್ಬಳೇ ಒಲೆಯ ಬೆಳಕಿನಲ್ಲಿ ಬಡಿದು, ಎರಡು ಸಲ ಬೆರಳು ಸುಟ್ಟುಕೊಂಡಳು. ಊರಲ್ಲಿ ತನ್ನಷ್ಟು ತೆಳ್ಳಗೆ ಬಡಿಯುವವರಿಲ್ಲ ಎಂಬುದು ಅವಳಿಗಿದ್ದ ಒಂದೇ ಜಂಬ. ರೊಟ್ಟಿ ಬಡಿಯುವುದನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದಾಗ ನಾನು ಅವತರಿಸಿದೆ.

ಮೊದಲ ಚಪ್ಪಾಳೆಗೇ ದೀಪ ಹತ್ತಿತು. ನೀಲವ್ವ ಬಾಯಿಗೆ ಸೆರಗು ಹಿಡಿದು ನಕ್ಕು, ರೊಟ್ಟಿ ಬಡಿಯುವ ಮಣೆಯ ಮುಂದೆ ಕುಳಿತಳು. ಪಟ! ದೀಪ ಆರಿತು. ಪಟ! ಹತ್ತಿತು. ಪಟಪಟಪಟ ಎಂದು ರೊಟ್ಟಿ ಅಗಲವಾಗುತ್ತ ಹೋದಂತೆ ಅಡುಗೆಮನೆ ನಾಟಕದ ರಂಗವಾಯಿತು. ನಾನಾದರೂ ಏನು ಮಾಡಲಿ? ಪ್ರತಿ ಏಟಿಗೂ ವಿಧೇಯನಾಗಿ ಟಕ್ ಎನ್ನುತ್ತಿದ್ದೆ.

ಆ ಮನೆಯ ಮಗಳು ಸುನಂದಾ ತೊಟ್ಟಿಲಿನಿಂದಲೂ ಆ ಸದ್ದಿನಲ್ಲೇ ಮಲಗಿ ಎದ್ದವಳು. ಅದು ಸದ್ದು ಎಂಬುದೇ ಅವಳ ಲೆಕ್ಕಕ್ಕೆ ಬಂದಿರಲಿಲ್ಲ! ತಿರುಪುಳಿ ಹಿಡಿದು ನನ್ನ ಕಿವಿ ಹಿಂಡಿದಳು. ಬಲಕ್ಕೆ ಹಿಂಡಿದರೆ ಚಪ್ಪಾಳೆಯೇ ಕೇಳಿಸದು. ಎಡಕ್ಕೆ ಹಿಂಡಿದರೆ ಪಕ್ಕದ ಮನೆಯ ಚನ್ನಪ್ಪನವರ ಸೀನಿಗೂ ದೀಪ ಆರುವುದು. ಅವರದು ಸಾಮಾನ್ಯ ಸೀನಲ್ಲ: ‘ಹಾ... ಹಾ...’ ಎಂದು ಪೀಠಿಕೆ ಹಾಕಿ, ಓಣಿಯೆಲ್ಲ ಕಾದ ಮೇಲೆ ‘ಕ್ಷೀ!’

ನೀಲವ್ವ ಹಿಟ್ಟಿನ ಕೈ ಜಾಡಿಸಿದಳು. “ಸುನಂದಾ, ನಿನ್ನ ಕೂಸಿಗೆ ಹುಚ್ಚ ಹಿಡದೈತಿ. ಐತವಾರದ ಮದುವಿಯವರಿಗೆ ಆಗೂದಿಲ್ಲಂತ ಹೇಳಿ ಬಾ. ಇನ್ನ ಸಾಕು ನಂಗ.”

“ಎರಡ ದಿನ ತಡಿ ಅವ್ವಾ,” ಎಂದಳು ಮಗಳು. ದನಿ ಸಣ್ಣದಾಗಿತ್ತು.

ಎರಡನೆಯ ದಿನ ಅವಳು ನನ್ನ ಹೊಟ್ಟೆ ಬಿಚ್ಚಿಟ್ಟು, ಬೆಸುಗೆ ಹಾಕುವುದನ್ನೂ ಮರೆತು, ಅವ್ವನ ಕೈಗಳನ್ನೇ ನೋಡುತ್ತ ಕುಳಿತಳು. ಆಮೇಲೆ ತಟ್ಟನೆ ಎದ್ದು, ನನ್ನೊಳಗಿನ ಆರಿಸುವ ಭಾಗವನ್ನೇ ಕಿತ್ತೆಸೆದು, ದೊಡ್ಡ ಕೆಪಾಸಿಟರ್ ಕೂರಿಸಿದಳು. ಈಗ ಸದ್ದು ಕೇಳಿದರೆ ನಾನು ಹೊತ್ತಿಸುತ್ತೇನೆ, ಅಷ್ಟೇ. ಕೇಳಿದಷ್ಟು ಸಲವೂ ಹೊಸದಾಗಿ ಐದು ನಿಮಿಷ ಎಣಿಸುತ್ತೇನೆ. ಬಡಿಯುವ ತನಕ ಬೆಳಕು. ಕೈ ನಿಂತು ಐದು ನಿಮಿಷಕ್ಕೆ ತಾನೇ ಕತ್ತಲೆ. ಚನ್ನಪ್ಪನವರ ಸೀನೂ ಅಂದಿನಿಂದ ಪುಣ್ಯದ ಕೆಲಸವಾಯಿತು.

ಭಾನುವಾರದ ಮದುವೆಗೆ ರೊಟ್ಟಿ ಹೋಯಿತು. ಕಾಗದದಷ್ಟು ತೆಳ್ಳಗೆ.

ಇದಾಗಿ ಹತ್ತೊಂಬತ್ತು ವರ್ಷ. ಸುನಂದಾ ಅದೇ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾಳೆ. ಅಡುಗೆಮನೆಗೆ ಕಿಟಕಿ ಬಂದಿದೆ, ಹೊಸ ವೈರಿಂಗ್ ಬಂದಿದೆ. ನನ್ನ ಡಬ್ಬಿಗೆ ಮಸಿ ಹಿಡಿದು, ವಂಶದ ಸುವಾಸನೆ ಎಂದೋ ಹೋಯಿತು. ಕಳೆದ ತಿಂಗಳು ಎಲೆಕ್ಟ್ರಿಷಿಯನ್ ಬಂದು ನನ್ನನ್ನು ತೆಗೆಯಲೇ ಎಂದು ಕೇಳಿದ. ನೀಲವ್ವ ತಲೆಯೆತ್ತಲಿಲ್ಲ.

“ಇರಲಿ ಬಿಡಪ್ಪ. ಕೆಲಸ ಮಾಡೂಮುಂದ ಯಾರರ ಕೇಳವ್ರು ಬೇಕಲ್ಲ.”

ಈಗ ಅವಳು ಬಡಿಯುವುದು ಮನೆಮಂದಿಗೆ ಮಾತ್ರ. ಕೈ ನಿಧಾನ. ಒಂದು ರೊಟ್ಟಿ ಮುಗಿಸಿ ಮಂಡಿ ಒತ್ತಿಕೊಳ್ಳುತ್ತ ಕುಳಿತರೆ ನನ್ನ ಐದು ನಿಮಿಷ ತೀರಿಹೋಗುತ್ತದೆ. ಹೊತ್ತು ಹೆಚ್ಚಿಸಿ ಕೊಡುತ್ತೇನೆಂದು ಮಗಳು ಹೇಳಿದರೂ ಅವಳು ಒಪ್ಪಿಲ್ಲ. ದೀಪ ಆರಿದಾಗ ಅವಸರವಿಲ್ಲದೆ, ಖಾಲಿ ಮಣೆಯನ್ನೇ ಅಂಗೈಯಿಂದ ಒಮ್ಮೆ ಬಡಿಯುತ್ತಾಳೆ.

ನಾನು ಟಕ್ ಎನ್ನುತ್ತೇನೆ.