ಬಟ್ಟಲು ತೂರುವ ಕಿಟಕಿ

ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯನವರು ಏನನ್ನು ಕೊಳ್ಳುವಾಗಲೂ ಮೊದಲು ಕಿವಿ ಕೊಡುತ್ತಾರೆ. ಅಟ್ಟದಲ್ಲಿ ಒಣಗಲು ಹಾಕಿದ ತೆಂಗಿನಕಾಯಿಯನ್ನು ಅಲುಗಿಸಿದಾಗ ಗಡಗಡ ಅಂದರೆ ಒಳಗೆ ಕೊಬ್ಬರಿ ಒಣಗಿದೆ ಎಂದರ್ಥ. ತಿಪಟೂರಿನ ಕಿಟಕಿ ಅಂಗಡಿಯಲ್ಲೂ ಅವರು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು.

"ಗಡಗಡ ಅಂತದೆ. ಒಳ್ಳೇ ಮಾಲು."

"ಸ್ಕ್ರೂ ಸಡಿಲ ಆಗ್ಯದೆ ಅಂತ ಕಣ್ರೀ ಯಜಮಾನ್ರೇ," ಎಂದ ಅಂಗಡಿಯ ದಯಾನಂದ. "ಕೊಬ್ಬರಿ ಅಲ್ಲ ಅದು, ಕೆಳಗಿಡಿ."

ಇಸವಿ ಎರಡು ಸಾವಿರವಾಯಿತು, ಮನೆಯೂ ಹೊಸದಾಗಲಿ ಎಂದು ಬಿಳಿಗೆರೆಯ ಮನೆಯ ಗೆದ್ದಲು ಹಿಡಿದ ಕಿಟಕಿಗಳನ್ನು ಕೀಳಿಸಿದ್ದರು. ಹಜಾರಕ್ಕೆ ಯಾವುದಾದರೂ ಬರಲಿ. ಜೊತೆಗೆ ಬಂದಿದ್ದ ಹೆಂಡತಿ ಸರ್ವಮಂಗಳಮ್ಮನ ಜೀವವೆಲ್ಲ ಅಡುಗೆಮನೆಯ ಕಿಟಕಿಯಲ್ಲಿತ್ತು. ಓಣಿಯಾಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಗಿರಿಜಾಂಬಿಕಾರ ಅಡುಗೆಮನೆಯ ಕಿಟಕಿ. ಗಡಿಯ ತೆಂಗಿನಮರ ಯಾರದೆಂದು ಎರಡು ಮನೆಯ ಗಂಡಸರು ಜಗಳವಾಡಿ ಮಾತು ಬಿಟ್ಟು ಎಂಟು ವರ್ಷ. ಮರ ಸಿಡಿಲಿಗೆ ಹೋಯಿತು. ಜಗಳ ಮಾತ್ರ ಫಸಲು ಕೊಡುತ್ತಲೇ ಇದೆ. ಹೆಂಗಸರು ಹೊಸಿಲು ದಾಟುವಂತಿರಲಿಲ್ಲ. ಕಿಟಕಿಯ ವಿಚಾರ ಯಾರೂ ಎತ್ತಿರಲಿಲ್ಲವಾಗಿ ಸಾರು, ಪಲ್ಯ, ಸುದ್ದಿ ಎಲ್ಲವೂ ಸರಳುಗಳ ನಡುವೆ ಓಡಾಡುತ್ತಿದ್ದವು.

ಆ ಕಿಟಕಿ ಕಿತ್ತ ಜಾಗಕ್ಕೆ ತಗಡು ಬಡಿದು ಈಗ ತಿಂಗಳಾಗಿತ್ತು. ಗಿರಿಜಾಂಬಿಕಾರ ಬಟ್ಟಲೊಂದು ಈ ಕಡೆಯೇ ಉಳಿದುಬಿಟ್ಟಿತ್ತು. ಬರಿದಾಗಿ ಹಿಂತಿರುಗಿಸುವ ಪದ್ಧತಿಯಿಲ್ಲ. ತುಂಬಿ ಕೊಡೋಣವೆಂದರೆ ದಾರಿಯಿಲ್ಲ. ಸರ್ವಮಂಗಳಮ್ಮ ದಿನವೂ ಅದನ್ನು ತೊಳೆದು ಕವುಚಿಡುತ್ತಿದ್ದರು. ತಗಡಿನಾಚೆ ಒಗ್ಗರಣೆ ಸಿಡಿದರೆ, ಇವತ್ತು ಅಲ್ಲಿ ಹುರುಳಿ ಸಾರು ಅಂದುಕೊಂಡು ತಮ್ಮ ಅನ್ನ ಕಲೆಸುತ್ತಿದ್ದರು.

"ಅಡುಗೆಮನೆಗೆ ಮಬ್ಬುಗಾಜಿಂದು ಹಾಕ್ಬುಡು, ತೆಗೆಯೋಕೆ ಆಗ್ದೇ ಇರೋದು," ಎಂದರು ಶಂಭುಲಿಂಗಯ್ಯ, ದಯಾನಂದನಿಗೆ. "ಆ ಮನೆ ಗೋಡೇನೂ ಕಾಣಬಾರ್ದು."

"ಒಗ್ಗರಣೆ ಹೊಗೆ ಎಲ್ಲಿಗೋಗ್ಬೇಕು? ನಿಮ್ಮ ಕಿವಿಗಾ?"

ಸರ್ವಮಂಗಳಮ್ಮ ಚೀಲದಿಂದ ಬಟ್ಟಲು ತೆಗೆದು ಗ್ರಿಲ್ ಕಿಟಕಿಯೊಂದರಲ್ಲಿ ತೂರಿಸಿದರು. ಸಿಕ್ಕಿಕೊಂಡಿತು. ಪಕ್ಕದ ಸರಳಿನ ಕಿಟಕಿಯಲ್ಲಿ ಸಲೀಸಾಗಿ ಆಚೆ ಹೋಯಿತು.

"ಇದೆಂಥಾ ಅಳತೆನಮ್ಮಾ?" ಎಂದ ದಯಾನಂದ.

"ಬೆಕ್ಕು ನುಗ್ಗಬಾರ್ದಲ್ಲಪ್ಪಾ."

"ಬಟ್ಟಲು ಹೋಗೋ ಕಡೆ ಬೆಕ್ಕೂ ಹೋಯ್ತದೆ ಕಣಮ್ಮಾ."

ಶಂಭುಲಿಂಗಯ್ಯ ಬಟ್ಟಲನ್ನು ಇಸಿದುಕೊಂಡರು. ಅಂಚಿನಲ್ಲಿ, ಎಲ್ಲರ ಮನೆಯ ಪಾತ್ರೆಗಳಂತೆ, ಹೆಸರು ಹೊಡೆಸಿತ್ತು: ಗಿರಿಜಾಂಬಿಕಾ. ಓದಿದರು. ವಾಪಸು ಕೊಟ್ಟರು. ಸರಳಿನ ಕಿಟಕಿಯನ್ನು ಅಲುಗಿಸಿದರು. ಸದ್ದೇ ಬರಲಿಲ್ಲ.

"ಇದೇ ಇರ್ಲಿ ಬುಡು," ಎಂದು ಬೀದಿಯ ಕಡೆ ನೋಡಿದರು.

ಕಿಟಕಿ ಕೂರಿಸಿದ ದಿನ ಸರ್ವಮಂಗಳಮ್ಮ ಬಟ್ಟಲು ತುಂಬ ಶ್ಯಾವಿಗೆ ಪಾಯಸ ಬಡಿಸಿ, ಕೈಯನ್ನು ಸರಳಿನಾಚೆ ಚಾಚಿ ನಿಂತರು. ಈ ಮನೆಯ ಕೆಲಸದ ಧೂಳು ಬಾರದಿರಲೆಂದು ಮುಚ್ಚಿದ್ದ ಎದುರು ಕಿಟಕಿ ಮುಚ್ಚಿಯೇ ಇತ್ತು. ಕೂಗುವ ರೂಢಿಯಿಲ್ಲ, ಇನ್ನೊಂದು ಕೈಯ ಚಮಚದಿಂದ ಸರಳಿಗೆ ಮೆಲ್ಲಗೆ ತಟ್ಟಿದರು. ಕಾದರು. ಮತ್ತೆ ತಟ್ಟಿದರು. ಪಾಯಸ ಕೆನೆಗಟ್ಟತೊಡಗಿತು, ತೋಳು ಸೋತಿತು.

ಹಜಾರದಿಂದ ಗಂಡನ ದನಿ ಬಂತು.

"ಇನ್ನೊಸಿ ಜೋರಾಗಿ ಬಡಿಯೇ. ಈಚೀಚೆಗೆ ಗಿರಿಜಕ್ಕಂಗೆ ಕಿವಿ ಮಂದ."

ಸರ್ವಮಂಗಳಮ್ಮ ಜೋರಾಗಿ ಬಡಿದರು. ಎದುರು ಕಿಟಕಿಯ ಚಿಲಕ ಅಲ್ಲಾಡಿತು.